ಗಲಾಟೆ ಮಾಡುವವರು

ಗಲಾಟೆ ಯಾವತ್ತೂ ಬೇರೆಯವರೇ ಮಾಡುವುದು. ನಾವು ಮಾಡಿದರೆ ಅದು ಚರ್ಚೆ, ಹೋರಾಟ, ಹೆಚ್ಚೆಂದರೆ ಸಂಭ್ರಮ. ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ರಾತ್ರಿ 11ಕ್ಕೆ ಮೈಕು ಹಾಡಿದರೆ ಭಕ್ತಿ. ಹಿಂದಿನ ಬೀದಿಯಲ್ಲಿ ಹಾಡಿದರೆ, ‘ಏನ್ರೀ ಇವರ ಗಲಾಟೆ!’ ರಾತ್ರಿ 10ರ ಮೇಲೆ ಅನುಮತಿಯಿಲ್ಲದೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇದೆ. ಅದು ನಮಗೆ ನೆನಪಾಗುವುದು ಹಿಂದಿನ ಬೀದಿಯ ಮೈಕು ಕೇಳಿದಾಗ.

ಈ ಪದಕ್ಕೆ ಅಧಿಕಾರ ಬರುವುದು ಶಾಲೆಯಲ್ಲಿ. ಮೇಷ್ಟ್ರು ಆಚೆ ಹೋದದ್ದೇ ತಡ, ಮಾನಿಟರ್ ಸೀಮೆಸುಣ್ಣ ಹಿಡಿದು ಬೋರ್ಡಿನ ಮೂಲೆಯಲ್ಲಿ ‘ಗಲಾಟೆ ಮಾಡುವವರು’ ಎಂದು ಬರೆದು ಗೆರೆ ಎಳೆಯುತ್ತಿದ್ದ. ಅಡಿಯಲ್ಲಿ ಹೆಸರು. ಮತ್ತೆ ಬಾಯಿಬಿಟ್ಟರೆ ಪಕ್ಕದಲ್ಲೊಂದು ಇಂಟು. ಬಳಪವೋ ನೆಲ್ಲಿಕಾಯಿಯೋ ಕೈಬದಲಾದರೆ ಹೆಸರು ತಾನಾಗಿ ಅಳಿಸಿಹೋಗುತ್ತಿತ್ತು. ‘ಸೈಲೆನ್ಸ್!’ ಎಂದು ಊರಿಗೇ ಕೇಳುವಂತೆ ಕಿರುಚುತ್ತಿದ್ದ ಮಾನಿಟರನ ಹೆಸರು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಈಗ ಟಿವಿ ಚರ್ಚೆ ನಡೆಸಿಕೊಡುವವರನ್ನು ನೋಡಿದರೆ, ಆ ಹುಡುಗರೆಲ್ಲ ಎಲ್ಲಿ ಕೆಲಸಕ್ಕೆ ಸೇರಿದರೆಂದು ಗೊತ್ತಾಗುತ್ತದೆ.

ಕಾನೂನಿಗೆ ಬರೀ ಗಲಾಟೆ ಸಾಲದು. ‘ದೊಂಬಿ’ ಅನ್ನಿಸಿಕೊಳ್ಳಲು ಕಡಿಮೆಯೆಂದರೂ ಐದು ಜನ ಬೇಕು. 1860ರ ದಂಡ ಸಂಹಿತೆ ಹೋಗಿ 2024ರಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ಲೆಕ್ಕ ಬದಲಾಗಿಲ್ಲ. ನಮ್ಮ ಮನೆಯಲ್ಲಿರುವುದು ನಾಲ್ಕೇ ಜನ. ರಿಮೋಟಿಗಾಗಿ ಏನೇ ನಡೆದರೂ ದೊಂಬಿಯಲ್ಲ. ಬೇಸಿಗೆ ರಜೆಗೆ ತಂಗಿಯ ಮಕ್ಕಳು ಬಂದಾಗ ಸ್ವಲ್ಪ ಯೋಚಿಸಬೇಕು.

ಪತ್ರಿಕೆಯವರು ಆಳು ನೋಡಿ ಪದ ಹಾಕುತ್ತಾರೆ. ಶಾಸಕರು ಕಾಗದ ಹರಿದರೆ ಕೋಲಾಹಲ, ಕುಡುಕ ಬಾಟಲಿ ಒಡೆದರೆ ದಾಂಧಲೆ. ಸಕಲೇಶಪುರದ ಕಾಫಿ ತೋಟಕ್ಕೆ ಆನೆ ನುಗ್ಗಿದರೂ ದಾಂಧಲೆಯೇ, ಪಾಪ, ಅದು ಕುಡಿದಿರುವುದಿಲ್ಲ. ಇಂಥ ‘ಪುಂಡಾನೆ’ಯನ್ನು ಹಿಡಿದು, ಶಿಬಿರದಲ್ಲಿ ಭತ್ತ ಬೆಲ್ಲ ತಿನ್ನಿಸಿ ಪಳಗಿಸಿ, ಆಮೇಲೆ ಇನ್ನೊಂದು ಪುಂಡಾನೆ ಹಿಡಿಯಲು ಕಳಿಸುವುದುಂಟು. ನಮ್ಮ ಮೇಷ್ಟ್ರು ಮಾನಿಟರನನ್ನು ಆರಿಸುತ್ತಿದ್ದದ್ದೂ ಹೀಗೆಯೇ.

ಧಾರವಾಡದ ಕಡೆ ‘ಗದ್ದಲ’ ಅಂದರೆ ಜಗಳವೇ ಆಗಬೇಕಿಲ್ಲ. ಕೈತುಂಬ ಕೆಲಸ, ಮನೆತುಂಬ ಜನ ಇದ್ದರೂ ಗದ್ದಲವೇ. ಇದು ತಿಳಿಯದ ನಮ್ಮ ಮೈಸೂರಿನ ಚಿಕ್ಕಪ್ಪ ಹುಬ್ಬಳ್ಳಿಯ ಬೀಗರಿಗೆ ಫೋನು ಮಾಡಿದರು.

‘ಮದುವಿ ಮನೀರಿ, ಭಾಳ ಗದ್ದಲ ಐತಿ.’

‘ಅಯ್ಯೋ, ಪೊಲೀಸ್ನೋರ್ಗೆ ಹೇಳಿದ್ರಾ?’

‘ಹೇಳೇವಲ್ರೀ. ಪಿಎಸ್‌ಐ ಸಾಹೇಬ್ರು ಊಟಕ್ಕ ಬರ್ತೀನಿ ಅಂದಾರ.’