ವಿಷಯ: ಎಡಗೈ ಬಿ.ಪಿ. ಕುರಿತು

"ಉಲ್ಲೇಖ: ಇದೇ ತಿಂಗಳ 4, 7, 9 ಮತ್ತು 11ರ ನನ್ನ ಇ-ಮೇಲ್‌ಗಳು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಇಂದು ಬೆಳಿಗ್ಗೆ 6.10ಕ್ಕೆ ಎಡಗೈಯಲ್ಲಿ 138/84, 6.14ಕ್ಕೆ ಬಲಗೈಯಲ್ಲಿ 132/80 ದಾಖಲಾಗಿರುತ್ತದೆ. ನಡುವಿನ ನಾಲ್ಕು ನಿಮಿಷದಲ್ಲಿ ಅರ್ಧ ಲೋಟ ಕಾಫಿ ಸೇವಿಸಲಾಗಿದೆ. ಹೀಗಿದ್ದೂ ಬಲಗೈಯಲ್ಲಿ 6 ಅಂಕ ಕಡಿಮೆ ಬಂದಿರುವುದಕ್ಕೆ ಸೂಕ್ತ ವಿವರಣೆ ನೀಡುವಂತೆ ಕೋರಲಾಗಿದೆ."

ಇಂಥ ಪತ್ರಗಳು ಒಂದು ಕಾಲಕ್ಕೆ ಪುರಸಭೆಯ ಮುಖ್ಯಾಧಿಕಾರಿಗಳ ನಿದ್ದೆ ಕೆಡಿಸುತ್ತಿದ್ದವು. ಈಗ ಜಯನಗರದ ಒಬ್ಬ ಡಾಕ್ಟರ ನಿದ್ದೆ ಕೆಡಿಸುತ್ತಿವೆ. ಬರೆಯುವ ಕೈ ಮಾತ್ರ ಅದೇ, ನಮ್ಮ ರಾಯರದು.

ರಾಯರನ್ನು ನೀವು ಖಂಡಿತ ನೋಡಿದ್ದೀರಿ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಅಲ್ಲದಿದ್ದರೆ ಬನಶಂಕರಿ ಎರಡನೇ ಹಂತದಲ್ಲಿ, ಅಲ್ಲೂ ಅಲ್ಲದಿದ್ದರೆ ಜೆ.ಪಿ. ನಗರದ ಯಾವುದೋ ಫೇಸಿನಲ್ಲಿ. ಕೆಳಗೆ ತಾವು, ಮೇಲೆ ಬಾಡಿಗೆಯವರು, ಗೇಟಿನ ಪಕ್ಕ ಪಾರಿಜಾತ, ಹಾಲಿನ ಗೋಡೆಯ ಮೇಲೆ ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗ-ಸೊಸೆಯ ಫೋಟೊ. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಮಗ ಬಿಟ್ಟುಹೋದ ಶೂ, ಕೈಗೆ ಹೆಜ್ಜೆ ಎಣಿಸುವ ಗಡಿಯಾರ. ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಊರೂರಿನ ಪಂಚಾಯಿತಿ, ಪುರಸಭೆಗಳನ್ನು ಆಡಿಟ್ ಮಾಡಿದವರು. ರಿಟೈರಾದ ಮಾರನೇ ದಿನ ಆಡಿಟ್ ಮಾಡಲು ಕೈಗೆ ಸಿಕ್ಕಿದ್ದು ಅವರ ಮೈಯೊಂದೇ. ಇಷ್ಟು ಅವ್ಯವಹಾರ ನಡೆಯುವ ಸಂಸ್ಥೆಯನ್ನು ತಮ್ಮ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ ಎನ್ನುತ್ತಾರೆ.

ಡಾಕ್ಟರ ಕ್ಲಿನಿಕ್ ಇರುವುದು ಎರಡು ಕ್ರಾಸ್ ಆಚೆ. ಗಡಿಯಾರದ ಲೆಕ್ಕದಲ್ಲಿ 412 ಹೆಜ್ಜೆ.

"ಹೋಗಿ ಕೇಳ್ಬಹುದಲ್ಲಾ ಸಾರ್?" ಅಂದೆ ಒಂದು ದಿನ.

"ಬಾಯಿಮಾತಿಗೆ ರೆಕಾರ್ಡ್ ಎಲ್ಲಿದೇರೀ?" ಅಂದರು.

"ಹಾಗಾದ್ರೆ ವಾಟ್ಸಾಪ್ ಮಾಡಿ."

"ಅದು ಗುಡ್ ಮಾರ್ನಿಂಗ್ ಹೂವಿನ ಡಿಪಾರ್ಟ್‌ಮೆಂಟು."

ಬಿಟಿಎಂ ಲೇಔಟಿನ ಹುಡುಗರು ಹೊಟ್ಟೆನೋವು ಬಂದರೆ ಹೊದಿಕೆಯೊಳಗಿಂದಲೇ ಆ್ಯಪ್ ತೆಗೆದು ಯಾವುದೋ ಊರಿನ ಡಾಕ್ಟರಿಗೆ ಮುಖ ತೋರಿಸಿ, ಹತ್ತು ನಿಮಿಷದಲ್ಲಿ ಮಾತ್ರೆ ತರಿಸಿಕೊಳ್ಳುತ್ತಾರೆ. ರಾಯರಿಗೆ ಅದು ಲೆಕ್ಕಕ್ಕಿಲ್ಲ. ಉಲ್ಲೇಖವಿಲ್ಲದ, ಅನುಬಂಧವಿಲ್ಲದ ಹೊಟ್ಟೆನೋವು ಅವರ ಪ್ರಕಾರ ಹೊಟ್ಟೆನೋವೇ ಅಲ್ಲ.

ಹಿಂದೆ ರಾಯರೂ ಹೀಗಿರಲಿಲ್ಲ, ಡಾಕ್ಟರುಗಳೂ ಹೀಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಫ್ಯಾಮಿಲಿ ಡಾಕ್ಟರು ನಾಲಿಗೆ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಏನೋ ಗೀಚಿ ಚೀಟಿಯನ್ನು ಕಾಂಪೌಂಡರ್ ಕಡೆ ತಳ್ಳುತ್ತಿದ್ದರು. ಸೀಸೆ ನಾವೇ ಮನೆಯಿಂದ ತೊಳೆದು ಒಯ್ಯಬೇಕು. ಕಾಂಪೌಂಡರ್ ಅದಕ್ಕೆ ಕೆಂಪು ಮಿಕ್ಸ್‌ಚರ್ ತುಂಬಿ, ಕತ್ತರಿಯಿಂದ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಗೋಂದು ಹಚ್ಚಿ ಅಂಟಿಸುತ್ತಿದ್ದ. ಒಂದು ಕಚ್ಚಿಗೆ ಒಂದು ಡೋಸು. ಡಾಕ್ಟರು ರೋಗಿಗೆ ಲಿಖಿತವಾಗಿ ತಿಳಿಸಬೇಕಾದದ್ದೆಲ್ಲ ಆ ಪಟ್ಟಿಯಲ್ಲೇ ಮುಗಿಯುತ್ತಿತ್ತು. ರೋಗಿಯ ಕಡೆಯಿಂದ ಬರಹದ ಮಾತೇ ಇಲ್ಲ. ಬೆಂಗಳೂರಿನಲ್ಲಿ ಡಾಕ್ಟರಿಕೆ ಮಾಡುತ್ತಲೇ 1942ರಲ್ಲಿ 'ಕೊರವಂಜಿ' ಶುರುಮಾಡಿ ಇಪ್ಪತ್ತೈದು ವರ್ಷ ನಾಡನ್ನು ನಗಿಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ ಅವರಿಗೆ ರೋಗಿಗಳಿಂದ ಇಂಥ ಇ-ಮೇಲ್ ಬಂದಿದ್ದರೆ ಪತ್ರಿಕೆಗೆ ಲೇಖಕರನ್ನು ಹುಡುಕುವ ಕಷ್ಟವೇ ಇರುತ್ತಿರಲಿಲ್ಲ.

ಎಲ್ಲ ಬದಲಾದದ್ದು 2020ರಲ್ಲಿ. ಲಾಕ್‌ಡೌನಿನ ಮೊದಲ ದಿನ, ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ವಿಡಿಯೊ, ಫೋನು, ಚಾಟು ಮಾತ್ರವಲ್ಲ, ಇ-ಮೇಲು, ಫ್ಯಾಕ್ಸಿನಲ್ಲೂ ಡಾಕ್ಟರು ಸಲಹೆ ಕೊಡಬಹುದು ಎಂದಾಯಿತು. ಕ್ಲಿನಿಕ್ ಮುಚ್ಚಿದ್ದ ನಮ್ಮ ಡಾಕ್ಟರು ಪಾಪ, ಬಾಗಿಲಿಗೆ ಇ-ಮೇಲ್ ವಿಳಾಸ ಅಂಟಿಸಿದರು. ಉಳಿದವರು ಅದನ್ನು ಕಂಡು ಮುಂದೆ ಹೋದರು. ರಾಯರು ಬರೆದುಕೊಂಡರು.

ಬರೆದುಕೊಂಡದ್ದಷ್ಟೇ ಅಲ್ಲ, ಮಾರ್ಗಸೂಚಿಯನ್ನೇ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದರು. ರೋಗಿಯೇ ಸಮಾಲೋಚನೆ ಶುರುಮಾಡಿದರೆ ಅವನ ಸಮ್ಮತಿ ಇದೆಯೆಂದೇ ಅರ್ಥ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಎದುರು ಕೂತು ತೋರಿಸಿಕೊಂಡು ಆರು ತಿಂಗಳೊಳಗೆ ಅದೇ ಕಾಯಿಲೆಗೆ ಮತ್ತೆ ಕೇಳಿದರೆ ಅದು ಫಾಲೋ-ಅಪ್ ಎಂಬ ಸಾಲಿಗೆ ಎರಡು ಗೆರೆ. ಹಾಗಾಗಿಯೇ ರಾಯರು ಐದು ತಿಂಗಳು ಇಪ್ಪತ್ತೈದು ದಿನಕ್ಕೊಮ್ಮೆ, ಲೈಸೆನ್ಸ್ ನವೀಕರಣದ ಹಾಗೆ, ಕ್ಲಿನಿಕ್ಕಿಗೆ ಹೋಗಿ ಮುಖ ತೋರಿಸಿ ಬರುತ್ತಾರೆ. ಫೀಸಿನ ವಿಷಯದಲ್ಲಿ ಇಂಥ ಸಮಾಲೋಚನೆಯೂ ಎದುರು ಕೂತು ತೋರಿಸಿಕೊಂಡಂತೆಯೇ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆ ಪುಟ ಮಾತ್ರ ರಾಯರ ಪ್ರತಿಯಲ್ಲಿ, ಬೈಂಡಿಂಗಿನವನ ತಪ್ಪಿನಿಂದ, ತಲೆಕೆಳಗಾಗಿದೆ.

ಫೀಸಿನ ಮಾತು ಎತ್ತಿದ್ದು ಫ್ರೀಮಾಂಟಿನ ಮಗ. "ಅಪ್ಪಾ, ಇಲ್ಲಿ ಡಾಕ್ಟ್ರಿಗೆ ಮೆಸೇಜ್ ಹಾಕಿದ್ರೂ ಬಿಲ್ ಬರತ್ತೆ" ಅಂದನಂತೆ. ಸುಳ್ಳಲ್ಲ. ಅಮೆರಿಕದ ಪ್ರಸಿದ್ಧ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2022ರ ನವೆಂಬರಿನಿಂದ, ಉತ್ತರಿಸಲು ಡಾಕ್ಟರಿಗೆ ಐದು ನಿಮಿಷವಾದರೂ ಹಿಡಿಯುವ ಸಂದೇಶಗಳಿಗೆ 50 ಡಾಲರ್‌ವರೆಗೆ ಬಿಲ್ ಹಾಕತೊಡಗಿತು. ರಾಯರು ಆ ರಾತ್ರಿಯೇ ಲೆಕ್ಕ ಹಾಕಿದರು. ಅದುವರೆಗೆ ಕಳಿಸಿದ ಮೇಲ್‌ಗಳು 612. ಒಂದೂ ಐದು ನಿಮಿಷದಲ್ಲಿ ಓದಿ ಮುಗಿಯುವಂಥದ್ದಲ್ಲ ಎಂಬುದು ಅವರಿಗೇ ಗೊತ್ತು. ಐವತ್ತರಿಂದ ಗುಣಿಸಿದರೆ 30,600 ಡಾಲರ್. ಮಾರನೇ ದಿನ ಲಕ್ಷ್ಮಣರಾವ್ ಪಾರ್ಕಿನ ಬೆಂಚಿನ ಮೇಲೆ ಕೂತು, "ಇಂಡಿಯಾದಲ್ಲೇ ಉಳಿದು ಇಷ್ಟು ಉಳಿಸಿದೀನಿ" ಅಂದರು.

ಇಷ್ಟೆಲ್ಲಕ್ಕೆ ಡಾಕ್ಟರ ಉತ್ತರ ಏನು? "ಓಕೆ. ಕಂಟಿನ್ಯೂ." ಅಷ್ಟೇ. ಎರಡು ಪದ, ಎರಡು ಚುಕ್ಕಿ. ಬೆಂಚಿನ ಮೇಲೆ ಅದಕ್ಕೆ ಭಾಷ್ಯ ನಡೆಯುತ್ತದೆ. "ಕಂಟಿನ್ಯೂ ಅಂದ್ರೆ ಯಾವುದನ್ನ? ಮಾತ್ರೇನಾ, ಕಾಯಿಲೇನಾ?" ಎಂದು ರಾಯರ ಪ್ರಶ್ನೆ. ಬ್ಯಾಂಕಿನಿಂದ ರಿಟೈರಾದವರು ಮಾತ್ರೆ ಅನ್ನುತ್ತಾರೆ. ಕಾಲೇಜು ಮೇಷ್ಟರಾಗಿದ್ದವರು ಸಂದರ್ಭ ನೋಡಬೇಕು ಅನ್ನುತ್ತಾರೆ. ಕೊನೆಗೆ ಸ್ಪಷ್ಟನೆ ಕೋರಿ ಇನ್ನೊಂದು ಮೇಲ್ ಹೋಗುತ್ತದೆ. ಮೂರು ದಿನ ಉತ್ತರ ಬಾರದಿದ್ದರೆ ನೆನಪೋಲೆ-1. ಆರನೇ ದಿನ ನೆನಪೋಲೆ-2, ಪ್ರತಿ ಫ್ರೀಮಾಂಟಿಗೆ, "ಮಾಹಿತಿಗಾಗಿ".

ಲ್ಯಾಬಿನವರು ರಿಪೋರ್ಟನ್ನು ಪಿಡಿಎಫ್ ಮಾಡಿ ಮೇಲ್‌ಗೆ ಕಳಿಸತೊಡಗಿದ ಮೇಲಂತೂ ರಾಯರಿಗೆ ಸರ್ವಿಸಿನ ದಿನಗಳೇ ಮರಳಿದವು. ಒಂದು ಕಡೆ ಇರುವ ಅಂಕಿ, ಪಕ್ಕದಲ್ಲಿ ಇರಬೇಕಾದ ಅಂಕಿ, ತಪ್ಪಿದರೆ ದಪ್ಪಕ್ಷರ. ಆಡಿಟರಿಗೆ ಇದಕ್ಕಿಂತ ಹಬ್ಬದೂಟ ಬೇಕೇ? ಕಳೆದ ಸಲ ಸೋಡಿಯಂ 135.6 ಬಂದಿತ್ತು. ಇರಬೇಕಾದ್ದು 136ರಿಂದ 145. ರಾಯರು ಕೂಡಲೇ ಆಕ್ಷೇಪಣೆ ಎತ್ತಿದರು: "0.4ರಷ್ಟು ಕೊರತೆ ಕಂಡುಬಂದಿದ್ದು, ಅನುಪಾಲನಾ ವರದಿ ಸಲ್ಲಿಸುವುದು." ಡಾಕ್ಟರು "ನಾರ್ಮಲ್" ಎಂದು ಬರೆದರು. ರಾಯರು ಮರುಟಪಾಲಿನಲ್ಲೇ ಕೇಳಿದರು: "ಸದರಿ ಕೊರತೆಯನ್ನು ಯಾವ ನಿಯಮದಡಿ ಮನ್ನಾ ಮಾಡಲಾಗಿದೆ?" ಆ ಕಂಡಿಕೆ ಇನ್ನೂ ತೀರುವಳಿಯಾಗಿಲ್ಲ.

ಅನುಬಂಧಗಳ ಕಥೆ ಬೇರೆ. ಒಮ್ಮೆ ಪೇಪರ್ ಕೇಳಲು ಹೋದಾಗ ಅವರ ಮನೆಯವರು ಫೋನ್ ಹಿಡಿದು ನಿಂತಿದ್ದರು. ರಾಯರು ಕಿಟಕಿಯ ಬೆಳಕಿಗೆ ಮುಖವೊಡ್ಡಿ ಆಂಜನೇಯನ ಹಾಗೆ ಬಾಯಿ ತೆರೆದಿದ್ದರು.

"ಇನ್ನೂ ಆ ಅನ್ನಿ. ಹಿಂದಿಂದು ಬರ್ತಿಲ್ಲ."

"ಆ... ಇವಳೇ, ಫ್ಲ್ಯಾಶ್ ಹಾಕು!"

ನಾಲಿಗೆಯ ನಾಲ್ಕು ಫೋಟೊ, ಕೆಮ್ಮಿನ ಒಂದು ಆಡಿಯೊ. ಫೋಟೊ ತೆಗೆದವರು ಸುಸ್ತಾಗಿ ಸೋಫಾದ ಮೇಲೆ ಕೂತರು. ನಾವಿಬ್ಬರೂ ಅದನ್ನು ಗಮನಿಸಲಿಲ್ಲ. ಮೇಲ್ ಹೋಯಿತು. ಎರಡು ನಿಮಿಷಕ್ಕೆ ಇನ್ನೊಂದು ಮೇಲ್ ಹೋಯಿತು: "ಅನುಬಂಧ ಲಗತ್ತಿಸಲು ಮರೆತಿದ್ದಕ್ಕೆ ವಿಷಾದಿಸುತ್ತೇನೆ."

ನೆಗಡಿಯೆಂದು ನಾನು ಕ್ಲಿನಿಕ್ಕಿಗೆ ಹೋದಾಗ ಡಾಕ್ಟರು ವಿಳಾಸ ಕೇಳಿದರು. ಹೇಳಿದೆ. ಬರೆಯುತ್ತಿದ್ದ ಪೆನ್ನು ನಿಂತಿತು. "ಆ ರಸ್ತೆಯವರಾ?" ಎಂದು ತಲೆ ಎತ್ತಿ, ತುಸು ಅಳುಕಿನಿಂದಲೇ ಕೇಳಿದರು: "ನಿಮಗೆ ಇ-ಮೇಲ್ ಮಾಡೋ ಅಭ್ಯಾಸ ಇದೆಯಾ?"

ಇಲ್ಲವೆಂದೆ. ಫೀಸಿನಲ್ಲಿ ನೂರು ರೂಪಾಯಿ ಬಿಟ್ಟರು.

ಹೀಗೆ ನಡೆಯುತ್ತಿದ್ದಾಗ ಹೋದ ಕಾರ್ತೀಕದಲ್ಲಿ ಒಂದು ಮೇಲ್ ಹೋಯಿತು. ವಿಷಯ, ಮೂತ್ರದ ಬಣ್ಣ. ಒಂಬತ್ತು ಕಂಡಿಕೆ, ಒಂದು ಕೋಷ್ಟಕ. ಎಲ್ಲ ಮುಗಿದು "ತಮ್ಮ ವಿಶ್ವಾಸಿ" ಎಂದು ಹಾಕಿದ ಮೇಲೆ, ಕೆಳಗೆ ಇನ್ನೊಂದು ಸಾಲು: "ತಾ.ಕ. ನಮ್ಮ ಮನೆಯವರು ಶನಿವಾರ ರಾಗಿಗುಡ್ಡದ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತರು. ವಯೋಸಹಜ ಎಂದು ಪರಿಗಣಿಸಿ ಕಡತ ಮುಕ್ತಾಯಗೊಳಿಸಲಾಗಿದೆ."

ಹತ್ತು ನಿಮಿಷಕ್ಕೆ ರಾಯರ ಫೋನು ಹೊಡೆದುಕೊಂಡಿತು. ಡಾಕ್ಟರೇ!

"ಅಮ್ಮನ್ನ ಈಗ್ಲೇ ಕರ್ಕೊಂಡ್ ಬನ್ನಿ."

"ಡಾಕ್ಟ್ರೇ, ಕಂಡಿಕೆ 1ರಿಂದ 9ಕ್ಕೆ ತಮ್ಮ..."

"ಅದೆಲ್ಲ ಆಮೇಲೆ. ಮೊದ್ಲು ಅಮ್ಮನ್ನ ಕರ್ಕೊಂಡ್ ಬನ್ನಿ."

412 ಹೆಜ್ಜೆಯಲ್ಲಿ ಮನೆಯವರು ಮತ್ತೆರಡು ಕಡೆ ನಿಂತರು. ಡಾಕ್ಟರು ರಿಪೋರ್ಟು ಕೇಳಲಿಲ್ಲ, ಕೋಷ್ಟಕ ಕೇಳಲಿಲ್ಲ. ಹಳೇ ಕಾಲದವರ ಹಾಗೆ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣ ಬಳಿದಂತಿತ್ತು. ಹಿಮೋಗ್ಲೋಬಿನ್ 12 ಆದರೂ ಇರಬೇಕಾದಲ್ಲಿ ಇದ್ದದ್ದು 7.9. ಎಂಡೋಸ್ಕೋಪಿ ಮಾಡಿಸಿದಾಗ ಹೊಟ್ಟೆಯಲ್ಲಿ ಹುಣ್ಣು, ಅದರಿಂದ ತೊಟ್ಟುತೊಟ್ಟಾಗಿ ರಕ್ತ. ಮಂಡಿನೋವಿಗೆಂದು ಒಂದು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದು ನುಂಗುತ್ತಿದ್ದ ಮಾತ್ರೆಯ ಪ್ರಸಾದ ಅದು.

"ಒಂದು ವರ್ಷದಿಂದ ಯಾಕಮ್ಮ ಹೇಳ್ಲಿಲ್ಲ?" ಎಂದು ಡಾಕ್ಟರು ಗದರಿದರಂತೆ.

"ಇವರು ಕಂಪ್ಯೂಟರ್ ಬಿಟ್ಟು ಎದ್ರೆ ತಾನೇ" ಎಂದರಂತೆ ಅವರು.

ಈಗ ಆರಾಮಾಗಿದ್ದಾರೆ. ಮಂಡಿನೋವಿನ ಮಾತ್ರೆ ನಿಂತಿದೆ, ಹುಣ್ಣು ಮಾಗಿದೆ, ರಾಗಿಗುಡ್ಡವನ್ನು ಎಲ್ಲೂ ಕೂರದೆ ಹತ್ತುತ್ತಾರೆ. ಕುಂದಿದ್ದು ರಾಯರ ಮುಖ. "ನಾನು ಬರೆದಿದ್ದು ಆರುನೂರರ ಮೇಲೆ. ಒಂದಕ್ಕಾದ್ರೂ ಫೋನ್ ಬಂತೇನ್ರೀ? ಇವಳದ್ದು ಒಂದೇ ಸಾಲು!"

ಇದೇ ಮಾತನ್ನು, ಹೆಸರು ಹೇಳದೆ, ಮುಂದಿನ ನೆಗಡಿಯಲ್ಲಿ ಡಾಕ್ಟರ ಮುಂದಿಟ್ಟೆ. ಅಷ್ಟುದ್ದದ ಮೇಲ್‌ಗಳನ್ನು ನಿಜಕ್ಕೂ ಓದುತ್ತೀರಾ ಎಂದೂ ಕೇಳಿದೆ. ಅವರೂ ಯಾರ ಹೆಸರನ್ನೂ ಎತ್ತದೆ ನಕ್ಕರು.

"ಓದ್ತೀನಿ, ಕೊನೆಯಿಂದ. ನೋಡಿ, ಈ ಕುರ್ಚಿಯಲ್ಲಿ ಕೂತು ಹದಿನೈದು ನಿಮಿಷ ಗ್ಯಾಸು, ಮೋಷನ್ನು ಅಂತ ಹೇಳ್ತಾರೆ. ಎದ್ದು ಬಾಗಿಲ ಹತ್ರ ಹೋಗಿ ಚಿಲಕಕ್ಕೆ ಕೈ ಹಾಕಿ, ತಿರುಗಿ, 'ಅಂದ ಹಾಗೆ ಡಾಕ್ಟ್ರೇ' ಅಂತಾರೆ. ಕಾಯಿಲೆ ಇರೋದು ಅಲ್ಲಿ. ಇ-ಮೇಲ್‌ಗೆ ಬಾಗಿಲು ಎಲ್ಲಿ ಹೇಳಿ? ತಾಜಾ ಕಲಮೇ ಬಾಗಿಲು."

ಮಾತು ಚೆನ್ನಾಗಿದೆ ಎಂದು ನಾನು ಅದನ್ನು ಪಾರ್ಕಿನಲ್ಲಿ ರಾಯರಿಗೆ ಹೇಳಿದೆ. ಹೇಳಬಾರದಿತ್ತು. ಅವರು ಮಾತಾಡದೆ ಎದ್ದುಹೋದರು.

ಮಾರನೇ ದಿನ ಬೆಳಿಗ್ಗೆ ಹೋದ ಮೇಲಿನ ಪ್ರತಿಯನ್ನು ರಾಯರೇ ತೋರಿಸಿದರು. ವಿಷಯ ಇಲ್ಲ, ಉಲ್ಲೇಖ ಇಲ್ಲ, ಕಂಡಿಕೆ ಒಂದೂ ಇಲ್ಲ. "ಮಾನ್ಯರೇ", ಅದರ ಕೆಳಗೆ ನೇರವಾಗಿ "ತಮ್ಮ ವಿಶ್ವಾಸಿ". ಆಮೇಲೆ ಶುರು: ತಾ.ಕ. 1, ಎಡಗೈ. ತಾ.ಕ. 2, ಬಲಗೈ. ತಾ.ಕ. 3, ಸೋಡಿಯಂ. ಹೀಗೆ ಹದಿನೇಳರವರೆಗೆ.