ಪೀಠಾಧಿಪತಿಗಳ ನಿರ್ಗಮನ ನಿರ್ಣಯ: ಫುಲ್ಡಾ, ಕದ್ರಿ ಮತ್ತು ನಮ್ಮ ಬಿ ಬ್ಲಾಕ್

ನಿಬಂಧದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುವುದು ವಿದ್ವತ್ ಪದ್ಧತಿ. ಕಾಲ: ಕ್ರಿ.ಶ. 744ರಿಂದ ಬರುವ ತಿಂಗಳ ಮಹಾಸಭೆಯವರೆಗೆ. ದೇಶ: ಮಧ್ಯ ಜರ್ಮನಿಯಿಂದ ಮಂಗಳೂರಿನ ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯವರೆಗೆ. ಮಠಕ್ಕೆ ಯಜಮಾನರು ಹೇಗೆ ಬರುತ್ತಾರೆ ಎಂಬುದನ್ನು ಪೂರ್ವಸೂರಿಗಳು ಸಾಕಷ್ಟು ಚರ್ಚಿಸಿದ್ದಾರೆ. ಹೇಗೆ ಹೋಗುತ್ತಾರೆ ಎಂಬುದೇ ಪ್ರಸ್ತುತ ಸಂಶೋಧಕನ ಆಸಕ್ತಿ. ಈ ಆಸಕ್ತಿಗೂ, ಸಂಶೋಧಕನು ವಾಸಿಸುವ ಫ್ಲಾಟಿನ ಮಾಲೀಕರ ಸಂಘದ ಅಧ್ಯಕ್ಷರು ಬಹುಕಾಲದಿಂದ ಬದಲಾಗಿಲ್ಲ ಎಂಬುದಕ್ಕೂ ಸಂಬಂಧ ಕಲ್ಪಿಸುವವರು ಕಲ್ಪಿಸಿಕೊಳ್ಳಲಿ.

ಫುಲ್ಡಾ ಮಠವನ್ನು 744ರಲ್ಲಿ ಕಟ್ಟಿದವನು ಸ್ಟುರ್ಮ್. ಅಲ್ಲಿ ಪಾಲಿಸುತ್ತಿದ್ದ ಸಂತ ಬೆನೆಡಿಕ್ಟನ ನಿಯಮಾವಳಿಯ 64ನೇ ಅಧ್ಯಾಯದ ಪ್ರಕಾರ ಮಠಾಧಿಪತಿಯನ್ನು ಸನ್ಯಾಸಿಗಳೆಲ್ಲ ಸೇರಿ ಆರಿಸಬೇಕು. ಇಲ್ಲವೆ, ಸಣ್ಣ ಗುಂಪಾದರೂ ವಿವೇಕ ಹೆಚ್ಚಿದ್ದವರು ಆರಿಸಬಹುದು. ವಿವೇಕವನ್ನು ಅಳೆಯುವ ಕ್ರಮವನ್ನು ಮಾತ್ರ ಅಲ್ಲಿ ಹೇಳಿಲ್ಲ. ನಮ್ಮ ಮಹಾಸಭೆಗೆ ಕೋರಂ ಆಗದ ದಿನ ಇದೇ ಅಧ್ಯಾಯ ತಾನಾಗಿ ಜಾರಿಗೆ ಬರುತ್ತದೆ. ಬಂದ ಏಳು ಮಂದಿಯೇ ವಿವೇಕಿಗಳೆಂದು ಆ ಏಳು ಮಂದಿಯೇ ಸರ್ವಾನುಮತದಿಂದ ತೀರ್ಮಾನಿಸುತ್ತಾರೆ. ಚಾ, ಗೋಳಿಬಜೆ ಆದ ಮೇಲೆ ಹಳೆಯ ಸಮಿತಿ ಮುಂದುವರಿಯುತ್ತದೆ.

ಸ್ಟುರ್ಮ್ 779ರಲ್ಲಿ ಪೀಠದಲ್ಲಿರುವಾಗಲೇ ತೀರಿಕೊಂಡ. ನಂತರದ ಬೌಗುಲ್ಫ್ 802ರಲ್ಲಿ ತಾನಾಗಿ ಬಿಟ್ಟುಕೊಟ್ಟ. ಮೂರನೆಯವನು ರಾಟ್ಗರ್. ನಮ್ಮ ವಿಷಯಕ್ಕೆ ಬೇಕಾದವನು ಇವನೇ. ಇವನಿಗೆ ಇದ್ದದ್ದು ಒಂದೇ ಚಟ, ಕಟ್ಟಿಸುವುದು. ರೋಮಿನ ಸಂತ ಪೇತ್ರರ ಇಗರ್ಜಿಯ ಮಾದರಿಯಲ್ಲಿ ತನ್ನ ಮಠದಲ್ಲೂ ಒಂದು ಬೃಹತ್ ಇಗರ್ಜಿ ಎಬ್ಬಿಸಲು ಹೊರಟ. ಜಪತಪಕ್ಕೆಂದು ಬಂದ ಸನ್ಯಾಸಿಗಳು ಕಟ್ಟಡದ ಕೆಲಸದಲ್ಲಿ ಸೋತು ಸುಣ್ಣವಾದರು. ಕೊನೆಗೆ 812ರಲ್ಲಿ ಸಮ್ರಾಟ ಶಾರ್ಲಮೇನನಿಗೇ ಅಹವಾಲು ಒಯ್ದರು: ಈ ಭಾರೀ ಕಟ್ಟೋಣಗಳು ಅನಗತ್ಯ, ದಯವಿಟ್ಟು ನಿಲ್ಲಿಸಿ. ಕಟ್ಟೋಣ ನಿಲ್ಲಲಿಲ್ಲ. 814ರಲ್ಲಿ ಸಮ್ರಾಟನೇ ತೀರಿಕೊಂಡ. ರಾಟ್ಗರನನ್ನು ಪೀಠದಿಂದ ಇಳಿಸಿದ್ದು ಸಮ್ರಾಟನ ಮಗ ಲೂಯಿ, 817ರಲ್ಲಿ. ಅಂದರೆ ಒಂದು ದೂರು ಫಲ ಕೊಡಲು ಐದು ವರ್ಷ ಮತ್ತು ಒಬ್ಬ ಚಕ್ರವರ್ತಿ ಬೇಕಾಯಿತು. ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ತೆರೆಯುವವರೆಗೆ ಕಾದ ಕಂಕನಾಡಿಯವರಿಗೆ ಐದು ವರ್ಷವೆಂದರೆ ಶೀಘ್ರ ವಿಲೇವಾರಿ.

ಇನ್ನು ಸ್ಥಳೀಯ ಆಧಾರ. ನಮ್ಮ ಅಂಗಳದ ಇಂಟರ್‌ಲಾಕ್ ಕಲ್ಲುಗಳನ್ನು ಪದರಪದರವಾಗಿ ಪರಿಶೀಲಿಸಿದರೆ ಆಳ್ವಿಕೆಯ ಘಟ್ಟಗಳನ್ನು ಗುರುತಿಸಬಹುದು: ಕೆಂಪು ಷಟ್ಕೋನ ಯುಗ, ಬೂದು ಬಣ್ಣದ ಅಂಕುಡೊಂಕು ಯುಗ, ಪುನಃ ಕೆಂಪು. ಗೇಟಿಗೆ ಕಮಾನು ಬಂತು. ಕಮಾನಿಗೆ ಲಾರಿ ತಾಗಿದ್ದರಿಂದ ಎರಡನೆಯ ಗೇಟು ಬಂತು. ಇಡೀ ಕಾಲಾವಧಿಗೆ ಸಾಕ್ಷಿಯಾದ ವಾಚ್‌ಮನ್ನರ ಮೌಖಿಕ ಹೇಳಿಕೆ ಹೀಗಿದೆ: “ಎಂತ ಮಾಡುದು ಮಾರಾಯ್ರೆ, ಮೊನ್ನೆ ಹಾಕಿದ ಕಲ್ಲು ಇವತ್ತು ಎಬ್ಬಿಸ್ತಾರೆ. ನಂಗೆ ಕೂತ್ಕೊಳ್ಳಿಕ್ಕೆ ಒಂದು ಫ್ಯಾನು ಮಾತ್ರ ಆಗುದಿಲ್ಲ.” ಫುಲ್ಡಾದ ಅಹವಾಲಿಗೂ ಇದಕ್ಕೂ ಇರುವ ಸಾಮ್ಯ ಆಕಸ್ಮಿಕವಲ್ಲ.

ಜರ್ಮನಿಯ ವಿಷಯಕ್ಕೆ ಅಷ್ಟು ದೂರ ಯಾಕೆ, ಕಂಕನಾಡಿಯಲ್ಲೇ ಜರ್ಮನ್ ಪಾದ್ರಿಯೊಬ್ಬರು ಇದ್ದರಲ್ಲ ಎಂಬ ಪೂರ್ವಪಕ್ಷ ಉಂಟು. ನಿಜ. ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, 1902ರಲ್ಲಿ ಪ್ಲೇಗಿನವರಿಗೆ ಆಸ್ಪತ್ರೆ ಮಾಡಿದರು, 1910ರಲ್ಲಿ ತೀರಿಕೊಂಡರು. ಇವರೂ ಕಟ್ಟಿಸಿದರು, ಆದರೆ ಒಳಗೆ ಮಲಗಲು ರೋಗಿಗಳು ಕಾದಿದ್ದರು. ಈಗ ಅಲ್ಲಿಯ ನಿರ್ದೇಶಕರನ್ನು ಬಿಷಪರು ನೇಮಿಸುತ್ತಾರೆ, ಬಿಷಪರೇ ಬದಲಾಯಿಸುತ್ತಾರೆ. ಬಿ ಬ್ಲಾಕಿಗೆ ಬಿಷಪರಿಲ್ಲದ ಕಾರಣ ಈ ಮಾದರಿ ನಮಗೆ ಆಗಿ ಬರುವುದಿಲ್ಲ.

ಸಿದ್ಧಾಂತಪಕ್ಷ ಕಂಕನಾಡಿಯಿಂದ ನಡೆದೇ ಹೋಗಬಹುದಾದ ಕದ್ರಿಯಲ್ಲಿದೆ. ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಯ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪರ ಕುಂದವರ್ಮ 968ರಲ್ಲಿ ಅದನ್ನು ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನವೇ ಹೇಳುತ್ತದೆ. ಅದೇ ಗುಡ್ಡದಲ್ಲಿ ನಾಥಪಂಥದ ಯೋಗೀಶ್ವರ ಮಠ, ಊರವರ ಬಾಯಲ್ಲಿ ಜೋಗಿಮಠ. ಇಲ್ಲಿಯ ಪೀಠಾಧಿಪತಿಗೆ ಅರಸನೆಂದೇ ಹೆಸರು, ಆದರೆ ಅವಧಿ ಹನ್ನೆರಡು ವರ್ಷ ಮಾತ್ರ. ಆಯ್ಕೆ ನಡೆಯುವುದು ಮಂಗಳೂರಿನಲ್ಲಲ್ಲ, ನಾಸಿಕದ ಕುಂಭಮೇಳದ ವೇಳೆ ತ್ರ್ಯಂಬಕೇಶ್ವರದಲ್ಲಿ. ಆರಿಸಿದ ಕೂಡಲೇ ಪಟ್ಟ ಕಟ್ಟುವುದಿಲ್ಲ. ಪಾತ್ರದೇವತೆಯನ್ನು ಹೊತ್ತು ಸಾಗುವ, ಝುಂಡಿ ಎಂಬ ನೂರಾರು ಯೋಗಿಗಳ ತಂಡದೊಡನೆ, ತಿಂಗಳುಗಟ್ಟಲೆ ನಡೆದು ಕದ್ರಿಗೆ ಬರಬೇಕು. ಶಿವರಾತ್ರಿಯ ಹೊತ್ತಿಗೆ ಪಟ್ಟಾಭಿಷೇಕ, ಹಿಂದಿನವರಿಗೆ ಬಿಡುಗಡೆ. 2016ರಲ್ಲಿ ಹೀಗೆ ಬಂದವರು ನಿರ್ಮಲನಾಥಜೀ.

ಈ ಕ್ರಮದ ಜಾಣ್ಮೆಗೆ ಸಂಶೋಧಕನು ತಲೆಬಾಗುತ್ತಾನೆ. ಆರಿಸುವವರು ಊರವರಲ್ಲವಾದ್ದರಿಂದ ಊರಲ್ಲಿ ಬಣಗಳಿಲ್ಲ. ಹೋಗುವ ದಿನ ಬರುವ ಮೊದಲೇ ಗೊತ್ತಿರುವುದರಿಂದ ಕಂಬ ಹಿಡಿದು ಕೂರುವಂತಿಲ್ಲ. ಆಸೆಯಿದ್ದವರೆಲ್ಲ ಬರಬಹುದು, ಮಂಡಿ ಮಾತ್ರ ಗಟ್ಟಿಯಿರಬೇಕು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಇಲ್ಲಿಯ ಜೋಗಿ ಅರಸನನ್ನು ನೋಡಲು ಬಂದಿದ್ದ. ಅವನಿಗೆ ಸಿಕ್ಕಿದ್ದು ಸಿಂಹಾಸನವಲ್ಲ, ಹಳ್ಳಿಗನ ಹಾಗೆ ತನ್ನ ಕೆಲಸದಲ್ಲಿ ತೊಡಗಿದ್ದ ಬಿಳಿಗಡ್ಡದ ಗಟ್ಟಿಮುಟ್ಟು ಮುದುಕ. ನಮ್ಮ ಅಧ್ಯಕ್ಷರ ಹೆಸರು ಕಮಾನಿನ ಮೇಲೂ, ಎರಡನೆಯ ಗೇಟಿನ ಮೇಲೂ, ನೀರಿನ ಟ್ಯಾಂಕಿನ ಮೇಲೂ ಇರುವುದನ್ನು ಇಲ್ಲಿ ಹೋಲಿಕೆಗಾಗಿ ಅಲ್ಲ, ದಾಖಲೆಗಾಗಿ ನಮೂದಿಸಿದೆ.

ಆದ್ದರಿಂದ ನಿಬಂಧವು ಸೂಚಿಸುವುದೇನೆಂದರೆ, ನಾಸಿಕದ ಮುಂದಿನ ಕುಂಭಮೇಳ 2027ರಲ್ಲಿದೆ. ಬಿ ಬ್ಲಾಕಿನ ಮುಂದಿನ ಅಧ್ಯಕ್ಷರೂ ತ್ರ್ಯಂಬಕದಿಂದ ನಡೆದೇ ಬರತಕ್ಕದ್ದು. ಅಷ್ಟು ದೂರ ಆಗದವರಿಗೆ ಕನಿಷ್ಠ ಪಡೀಲಿನಿಂದ. ಹಿಂದೊಮ್ಮೆ ಕಂಕನಾಡಿ ನಿಲ್ದಾಣವೆಂದು ಕರೆಸಿಕೊಂಡ ರೈಲು ನಿಲ್ದಾಣ ಇರುವುದು ಅಲ್ಲಿ. ಆ ಹೆಸರನ್ನು ನಂಬಿ ಇಳಿದು ನಡೆದವರ ಪರಂಪರೆಯೂ ನಮ್ಮಲ್ಲಿ ಇದೆ.

ನಿಬಂಧದ ಒಂದು ಪ್ರತಿಯನ್ನು ಸಂಘದ ಕಚೇರಿಗೆ ಕೊಡಲಾಯಿತು. ಮಾರನೆಯ ದಿನ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಸುತ್ತೋಲೆ ಬಂತು: “ನಮ್ಮ ನಿವಾಸಿಗಳಲ್ಲಿ ವಿದ್ವಾಂಸರಿರುವುದು ಹೆಮ್ಮೆಯ ವಿಷಯ. ಸದರಿ ನಿಬಂಧವನ್ನು ಮಂಡಿಸಲು ಸೂಕ್ತ ಸ್ಥಳವಿಲ್ಲದ ಕಾರಣ, ಟೆರೇಸಿನ ಮೇಲೆ ಸಭಾಂಗಣ ಕಟ್ಟಿಸಲು ಅಧ್ಯಕ್ಷರು ತೀರ್ಮಾನಿಸಿದ್ದಾರೆ. ವಂತಿಗೆಯನ್ನು ತಿಂಗಳ ಹತ್ತರೊಳಗೆ ಪಾವತಿಸಿ ಸಹಕರಿಸಬೇಕು.”