ಪಾಲಿಲ್ಲ, ಬರೇ ಪಾಳಿ

ಗೋಕಾಕ ಬಸ್ ನಿಲ್ದಾಣದ ಚಹಾದಂಗಡಿ. ಮೂಡಲಗಿ ಬಸ್ಸಿಗೆ ಕಾದಿದ್ದ ಬಸ್ಯಾ ಬಸಿಗೆ ಚಹಾ ಸುರುವಿಕೊಂಡ. ಉಗುರಿನ ಗ್ರೀಸ್ ಬಸಿಯಂಚಿಗೆ ಮೆತ್ತಿತು.

“ಯಾಕಲೇ ತಮ್ಮಾ, ತಡಾ?” ಎಂದ ಹುಕ್ಕೇರಿ ಕಾಕಾ.

“ಒಂದ ತಾಸು ಹೆಚ್ಚಿಗಿ ನಿಂದ್ರಿಸಿದ್ರು. ಹಾಜರಿಯೊಳಗ ಬರಿಯಂಗಿಲ್ಲ, ಬರೇ ಪ್ರೀತಿಲೆ.”

“ಮುಂಜಾನೆ ನೀ ಹತ್ತ ಮಿನಿಟ್ ತಡಾ ಆದ್ರ?”

“ಅದನ್ನ ಬರೀತಾರ. ಅರ್ಧಾ ಪಗಾರ ಕಟ್.”

“ಓಟಿಗೆ ಡಬಲ್ ಅಂತ 1948ರ ಕಾರ್ಖಾನೆ ಕಾಯ್ದೆದಾಗನ ಇತ್ತಲ್ಲೋ!”

“ಡಬಲ್ ಕೊಡ್ತಾರ, ಕೆಲಸ. 2023ರ ತಿದ್ದುಪಡಿ ದಿನಕ್ಕ 12 ತಾಸಿಗೆ ಹೂಂ ಅಂತು, ವಾರಕ್ಕ 48 ದಾಟಬಾರ್ದಂತ. ಸಾಹೇಬ್ರು 12 ಓದಿದ್ರು. 48 ಬರೂದ್ರಾಗ ಚಾಳೀಸ ತಗದ್ರು.”

“ಗೇಟಿಗೆ ‘ನಾವೆಲ್ಲ ಒಂದೇ ಕುಟುಂಬ’ ಅಂತ ಬೋರ್ಡ್ ಐತಲ್ಲ? ಹಂಗಾರ ಪಾಲು ಬರಬೇಕು.”

“ಪಾಲಿಲ್ಲ ಕಾಕಾ, ಬರೇ ಪಾಳಿ.”

“ದೀಪಾವಳಿಗೆ ಬೋನಸ್?”

“ಕರದಂಟು. ಕಾಲ್ ಕಿಲೋ. ಮೂರ ಕಡೆ ಸಹಿ ಮಾಡಿಸ್ಕೊಂಡು.”

ಮೂಡಲಗಿ ಬಸ್ಸು ಹಾರ್ನ್ ಹೊಡೆಯಿತು. ಸೀಟಿರಲಿಲ್ಲ. ಬಸ್ಯಾ ನಿಂತೇ ನಿದ್ದೆಹೋದ.